ಎರಡನೇ ಡಬ್ಬಿಯ ಸೊಲ್ಲು

ಮಗಳ ಮದುವೆ ಎಂದರೆ ಯಾವ ತಾಯಿಗೂ ಒಂದಲ್ಲ ಒಂದು ಚಿಂತೆ ಇದ್ದೇ ಇರುತ್ತದೆ. ಆಶಾಳ ಚಿಂತೆ ಊಟದ್ದೂ ಅಲ್ಲ, ಒಡವೆಯದೂ ಅಲ್ಲ. ಅವಳು ಹಾಡಬೇಕಿತ್ತು. ರಿಪ್ಪನ್‌ಪೇಟೆಯಿಂದ ಆನಂದಪುರಕ್ಕೆ ಹೋಗುವ ದಾರಿಯಲ್ಲಿರುವ ಆ ಊರಿನಲ್ಲಿ, ಹಾಲಿನ ಸೊಸೈಟಿಯ ಕಾರ್ಯದರ್ಶಿ ಆಶಾಳ ಬಾಯಿಗೆ ಹೆದರದ ಗಂಡಸಿರಲಿಲ್ಲ. ಹಾಲಿಗೆ ನೀರು ಬೆರೆಸಿ ತಂದವರನ್ನು ಕ್ಯಾನಿನ ಮುಂದೆಯೇ ನಿಲ್ಲಿಸಿ ಮುಖದ ನೀರಿಳಿಸುತ್ತಿದ್ದಳು. ಅಂಥ ಬಾಯಿ ಹಾಡು ಎಂದ ಕೂಡಲೇ ಒಣಗಿ ಹೋಗುತ್ತಿತ್ತು.

ಹೆಣ್ಣು ಕೊಡುವಾಗ ಅವರಲ್ಲಿ ಒಂದು ಪದ್ಧತಿ. ಮದುಮಕ್ಕಳನ್ನು ಹಸೆ ಚಿತ್ತಾರ ಬರೆದ ಗೋಡೆಯ ಮುಂದೆ ಕೂರಿಸಿದ ಮೇಲೆ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬಳು ಸೊಲ್ಲೆತ್ತಿ ಪ್ರಶ್ನೆ ಕೇಳುತ್ತಾಳೆ. ಏನುಣಿಸಿ ಬೆಳೆಸಿದಿರಿ, ಯಾವ ನೆರಳಲ್ಲಿ ಕೂರಿಸಿದಿರಿ, ಹೀಗೆ. ಹೆಣ್ಣಿನ ತಾಯಿ ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಮುಗಿಯದೆ ಹೆಣ್ಣಿನ ಕೈಯನ್ನು ಗಂಡಿನ ಕೈಯಲ್ಲಿ ಇಡುವುದಿಲ್ಲ. ಕೇಳುವ ಸೊಲ್ಲು ಸೀಮೆಗೆಲ್ಲ ಒಂದೇ. ಉತ್ತರದ ಸೊಲ್ಲು ಮಾತ್ರ ಒಂದೊಂದು ಊರಿನದು ಒಂದೊಂದು ಧಾಟಿ. ತಾಯಿಗೆ ಬಾರದಿದ್ದರೆ ಬೇರೆಯವರು ಹೇಳಬಹುದು, ಅದಕ್ಕೆ ಯಾರೂ ಮೂಗು ಮುರಿಯುವುದಿಲ್ಲ. ಆಶಾ ಆ ದಾರಿಯನ್ನೇ ಹಿಡಿದು ಪಾರಾಗುವ ಅಂದಾಜಿನಲ್ಲಿದ್ದಳು. ಆದರೆ ಮಗಳು ಲಿಖಿತಾ ಒಂದೇ ಮಾತು ಹೇಳಿಬಿಟ್ಟಳು.

"ಅಮ್ಮ, ನನ್ನ ಕೊಡೋಳು ನೀನು. ಬೇರೆಯೋರ ಬಾಯಲ್ಲಿ ಕೊಡ್ಬೇಡ."

ಇದಕ್ಕೆ ಎದುರಾಡುವುದು ಹೇಗೆ? ಆಶಾ ಅತ್ತೆಯ ಕಾಲಿಗೆ ಬಿದ್ದಳು. ಅತ್ತೆ ಹೂವಮ್ಮ ಸಾಮಾನ್ಯಳಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕಿನಲ್ಲಿ ಗಂಡಿನ ಕಡೆಯವರು ಬಂದು ಕರೆದುಕೊಂಡು ಹೋಗಿ ಸೊಲ್ಲೆತ್ತಿಸುತ್ತಿದ್ದ ಹೆಂಗಸು. ಗಂಟಲಿನ ಆಪರೇಷನ್ ಆದ ಮೇಲೆ ಆ ದನಿ ಹೋಯಿತು. ಈಗ ಮಾತೆಂದರೆ ಬರೀ ಪಿಸುಗುಟ್ಟುವುದು, ಅದೂ ಹತ್ತಿರ ಕೂತವರಿಗೆ. ದನಿ ಇದ್ದಿದ್ದರೂ ಅಷ್ಟೇ ಅನ್ನಿ. ಪ್ರಶ್ನೆ ಕೇಳುವವಳು ಉತ್ತರದ ಸೊಲ್ಲನ್ನು ಬಾಯಿಗೆ ತರಬಾರದು ಎಂಬುದು ಅವರ ಕಟ್ಟು. ಗಂಡಿನ ಕಡೆ ನಿಂತು ಕೇಳಿದವಳೇ ಹೆಣ್ಣಿನ ಕಡೆಯಿಂದಲೂ ಮಾತಾಡಿದರೆ ಸಂಬಂಧಕ್ಕೆ ಒಳ್ಳೆಯದಲ್ಲವಂತೆ. ಹೂವಮ್ಮ ಜೀವಮಾನದಲ್ಲಿ ಒಂದು ಸಲವೂ ಅದನ್ನು ಮೀರಿದವಳಲ್ಲ. ಮೊಮ್ಮಗಳ ಮದುವೆ ಎಂದರೂ ಆಕೆ ತಲೆ ಅಲ್ಲಾಡಿಸಿಬಿಟ್ಟಳು.

ಉತ್ತರ ಹೇಳುತ್ತಿದ್ದವಳು ಪಕ್ಕದ ಮನೆಯ ಕನ್ನಮ್ಮ. ಊರಿನ ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳ ಮದುವೆಯಲ್ಲಿ ಕನ್ನಮ್ಮನ ಬೆನ್ನ ಹಿಂದೆ ನಿಂತು ತುಟಿ ಅಲ್ಲಾಡಿಸಿದವರೇ ಹೊರತು ಕಲಿತವರಲ್ಲ. ಕನ್ನಮ್ಮ ಇದ್ದಾಳಲ್ಲ ಎಂಬ ಧೈರ್ಯ. ಆ ಕನ್ನಮ್ಮ ಹೋದ ವರ್ಷ ತೀರಿಕೊಂಡಿದ್ದಳು, ಸೊಲ್ಲೂ ಅವಳ ಜೊತೆಗೇ ಹೋಗಿತ್ತು.

ಹೋಗಬಾರದಾಗಿತ್ತು. ಕೆಲವು ವರ್ಷಗಳ ಹಿಂದೆ ವಿನಯಾ ಎಂಬ ಕಾಲೇಜಿನ ಮೇಡಂ ಒಬ್ಬರು ಬಂದು ಇಬ್ಬರನ್ನೂ ಇದೇ ಮನೆಯ ಜಗುಲಿಯಲ್ಲಿ ಕೂರಿಸಿ, ಇಬ್ಬರ ಸೀರೆಯ ಸೆರಗಿಗೂ ಒಂದೊಂದು ಪುಟ್ಟ ಮೈಕು ಸಿಕ್ಕಿಸಿ ಹಾಡಿಸಿಕೊಂಡಿದ್ದರು. ಆಶಾ ಅವತ್ತು ಸೊಸೈಟಿಯ ಸಭೆಯಲ್ಲಿ ಇದ್ದಳು. ಆಮೇಲೆ ಮೇಡಂ ಪೆನ್‌ಡ್ರೈವಿನಲ್ಲಿ ಹಾಡು ಕಳಿಸಿದರು. ಲಿಖಿತಾ ಅದನ್ನು ಮನೆಯ ಕಂಪ್ಯೂಟರಿಗೆ ಹಾಕಿದಳು. ಹೂವಮ್ಮ, ಕನ್ನಮ್ಮ ಇಬ್ಬರೂ ತಲೆ ಬಾಚಿಕೊಂಡು, ಪಟಕ್ಕೆ ಕೂತ ಹಾಗೆ ಕಂಪ್ಯೂಟರಿನ ಮುಂದೆ ಕೂತರು. ಹೂವಮ್ಮನ ದನಿ ಖಣಖಣ ಬಂತು. ಪ್ರಶ್ನೆ ಮುಗಿಯಿತು. ಆಮೇಲೆ ಏನೂ ಇಲ್ಲ. ಉತ್ತರ ಬರಬೇಕಾದ ಜಾಗದಲ್ಲಿ ದೂರದಲ್ಲೆಲ್ಲೋ ಯಾರೋ ಗುನುಗಿದ ಹಾಗೆ ಒಂದು ಸದ್ದು, ಮತ್ತೆ ಹೂವಮ್ಮನ ಮುಂದಿನ ಪ್ರಶ್ನೆ. ಹಾಡು ಪೂರ್ತಿ ಹೀಗೆಯೇ.

ಕನ್ನಮ್ಮನ ಮೈಕು ಕೆಟ್ಟಿತ್ತು ಎಂದು ಎಲ್ಲರೂ ತೀರ್ಮಾನ ಮಾಡಿದರು. ಮೇಡಂಗೆ ಫೋನ್ ಮಾಡಿ ಕೇಳೋಣ ಎಂದು ಲಿಖಿತಾ ಹೊರಟಾಗ ಕನ್ನಮ್ಮನೇ ಬಿಡಲಿಲ್ಲ. ಪಾಪ, ಅಷ್ಟು ದೂರದಿಂದ ಬಸ್ಸು ಹತ್ತಿ ಬಂದು ಮಾಡಿಕೊಂಡು ಹೋದ ಹುಡುಗಿ, ಕೆಟ್ಟು ಹೋಗಿದೆ ಅಂತ ಹೇಳಿ ಯಾಕೆ ನೋಯಿಸುವುದು ಎಂದಳು. ಆ ಸೀಮೆಯ ಜನರ ಸಂಕೋಚ ಅಂಥದು. ನೆಂಟರ ಮನೆಯ ಸಾರಿನಲ್ಲಿ ಉಪ್ಪಿಲ್ಲದಿದ್ದರೂ ಎರಡು ಸಲ ಬಡಿಸಿಕೊಂಡು ಉಂಡು ಬರುವ ಜನ. ಅರ್ಧ ಹಾಡು ಯಾರಿಗೆ ಬೇಕು ಎಂದು ಅದನ್ನು ಯಾರೂ ಫೋನಿಗೂ ಹಾಕಿಕೊಳ್ಳಲಿಲ್ಲ. ಹಾಡು ಅಲ್ಲೇ ಕಂಪ್ಯೂಟರಿನಲ್ಲಿ ಉಳಿಯಿತು.

ಈಗ ಬೇರೆ ದಾರಿ ಕಾಣದೆ ಆಶಾ ಅದನ್ನೇ ಹಾಕಿಕೊಂಡು ಕೂತಳು. ಪ್ರಶ್ನೆಗಳ ಧಾಟಿಯಾದರೂ ಕಿವಿಗೆ ಬೀಳಲಿ, ಉತ್ತರವನ್ನು ತಾನೇ ಹೇಗೋ ಹೊಂದಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದಳು. ಅವಳು ಹೊಂದಿಸಿದ ಉತ್ತರ ಕೇಳಿ ಹೂವಮ್ಮ ಎದ್ದು ಹಿತ್ತಲಿಗೆ ಹೋದಳು. ಅದೇ ವಾರ ಸ್ಪೀಕರ್ ಕೂಡ ಗರ್ರ್ ಎಂದು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಅದಕ್ಕೂ ಕೇಳಲಾಗಲಿಲ್ಲ ಎಂದು ಲಿಖಿತಾ ನಕ್ಕಳು. ಆಶಾಗೆ ನಗು ಬರಲಿಲ್ಲ.

ಆ ಸ್ಪೀಕರಿನ ಕಥೆಯನ್ನೂ ಹೇಳಬೇಕು. ತಂದಾಗ ಅದು ಜೋಡಿಯಾಗಿಯೇ ಇತ್ತು. ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತವರಿಗೂ ಹಾಡು ಕೇಳಲಿ ಎಂದು ಆಶಾಳ ಗಂಡ ರಾಜೇಂದ್ರ ಒಂದು ಡಬ್ಬಿಯನ್ನು ಉದ್ದದ ವೈರು ಎಳೆದು ಅಲ್ಲಿಗೆ ಕಟ್ಟಿದ್ದ. ಆ ವರ್ಷವೇ, ಮೇಡಂ ಬರುವುದಕ್ಕೂ ಮೊದಲೇ, ಇಲಿ ವೈರು ಕಡಿಯಿತು. ಒಂದು ಡಬ್ಬಿಯಲ್ಲಿ ಸೌಂಡು ಬರುತ್ತದಲ್ಲ, ಎರಡು ಯಾಕೆ ಎಂದು ಅವನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಎತ್ತಾದರೆ ಜೋಡಿ ಬೇಕು, ಸ್ಪೀಕರಿಗೆ ಯಾಕೆ ಎಂದು ಅವನ ಲೆಕ್ಕ.

ಹೊಸದು ತರಲು ಸಾಗರಕ್ಕೆ ಹೊರಟವಳು ಆಶಾ. ಯಾವುದನ್ನು ತರಬೇಕೆಂದು ಅಪ್ಪಣೆ ಕೊಟ್ಟವನು ರಾಜೇಂದ್ರ. ದೊಡ್ಡ ವೂಫರ್ ಇರುವುದೇ ಬೇಕಂತೆ, ಮದುವೆ ಮನೆಯಲ್ಲೂ ಹಾಕಬಹುದಂತೆ. ಅಂಗಡಿಯವನೂ ಅದನ್ನೇ ಮೊದಲು ಹಚ್ಚಿದ. ಬಣ್ಣ ಬಣ್ಣದ ದೀಪ ಕುಣಿದವು, ಕೌಂಟರಿನ ಮೇಲಿದ್ದ ನೀರಿನ ಲೋಟ ನಡುಗಿತು, ಎದುರಿನ ಬಟ್ಟೆ ಅಂಗಡಿಯವರು ಹೊರಗೆ ಬಂದು ನೋಡಿದರು. ಹೇಗಿದೆ ಅಕ್ಕ ಎಂದು ಅವನು ಎದೆ ಉಬ್ಬಿಸಿದ. ಇದರಲ್ಲಿ ಯಾರಾದರೂ ಮಾತಾಡುವುದನ್ನು ಹಾಕಿ ಎಂದಳು ಆಶಾ. ಅವನಿಗೆ ವಿಚಿತ್ರ ಅನಿಸಿತು. ಸ್ಪೀಕರ್ ಕೊಳ್ಳಲು ಬಂದವರು ಮಾತು ಹಾಕಿ ಎಂದದ್ದು ಅವನು ಕೇಳಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ ಯಾರೋ ಕಾಳುಮೆಣಸಿನ ರೋಗದ ಬಗ್ಗೆ ಮಾತಾಡುವುದನ್ನು ಹಾಕಿದ. ಪುಣ್ಯಾತ್ಮ ಬಚ್ಚಲಿನ ಹಂಡೆಯೊಳಗೆ ಕೂತು ಮಾತಾಡಿದ ಹಾಗಿತ್ತು.

ಇನ್ನೊಂದು, ಮತ್ತೊಂದು ಎಂದು ಅಂಗಡಿಯಲ್ಲಿದ್ದುದನ್ನೆಲ್ಲ ಆಶಾ ಹಚ್ಚಿಸಿದಳು. ಪ್ರತಿಯೊಂದರಲ್ಲೂ ಅದೇ ಕಾಳುಮೆಣಸಿನ ಮಾತು. ಕೊನೆಗೆ ಮೂಲೆಯಲ್ಲಿದ್ದ, ದೀಪವೂ ಇಲ್ಲದ, ಗುದ್ದೂ ಇಲ್ಲದ ಎರಡು ಸಣ್ಣ ಮರದ ಡಬ್ಬಿಗಳಲ್ಲಿ ಆ ಮನುಷ್ಯ ಉಸಿರೆಳೆದದ್ದೂ ಕೇಳಿಸಿತು. ಇದು ಸಾಕು ಎಂದಳು. ಕುಣಿಯಲಿಕ್ಕೆ ಆಗುವುದಿಲ್ಲ ಎಂದು ಅಂಗಡಿಯವನು ಎಚ್ಚರಿಸಿದ. ಕುಣಿಯುವವರು ಮನೆಯಲ್ಲಿ ಯಾರೂ ಇಲ್ಲ, ಕಲಿಯುವವಳು ಒಬ್ಬಳಿದ್ದಾಳೆ ಎಂದಳು. ಕಟ್ಟಿಕೊಡುವಾಗ ಅವನು ಒಂದು ಮಾತು ಹೇಳಿದ: ಎರಡನ್ನೂ ಒಂದೇ ಕಡೆ ಇಡಬೇಡಿ, ಆ ಕಡೆ ಒಂದು ಈ ಕಡೆ ಒಂದು ಇಡಿ. ಆಶಾ ಹೂಂ ಎಂದಳೇ ಹೊರತು ಆ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಸೊಸೈಟಿಯ ಕೆಲಸ ಮುಗಿಸಿ ಬಂದು ಜೋಡಿಸಲು ಕೂತಳು. ಲಿಖಿತಾ ಬ್ಲೌಸ್ ಹೊಲಿಯಲು ಕೊಡಲು ಹೋಗಿದ್ದಳು, ರಾಜೇಂದ್ರ ವೂಫರ್ ಬರಲಿಲ್ಲ ಎಂಬ ಸಿಟ್ಟಿನಲ್ಲಿ ತೋಟಕ್ಕೆ ಹೋಗಿದ್ದ. ಮನೆಯಲ್ಲಿದ್ದವಳು ಹೂವಮ್ಮ ಒಬ್ಬಳೇ. ಆಕೆ ಟಾರ್ಚು ಹಿಡಿದಳು, ಆಶಾ ಮೇಜಿನ ಕೆಳಗೆ ತೂರಿದಳು. ಒಂದು ವೈರು ಕರೆಂಟಿಗೆ, ಅದನ್ನು ಕಂಪ್ಯೂಟರಿನ ಚಪ್ಪಟೆ ತೂತಿಗೆ ಚುಚ್ಚಿದಳು. ಇನ್ನೊಂದು ದುಂಡು ಪಿನ್ನು. ಹಿಂಭಾಗದಲ್ಲಿ ಮೂರು ಬಣ್ಣದ ಮೂರು ತೂತು. ಗುಲಾಬಿಗೆ ಹಾಕಿದಳು, ಸದ್ದಿಲ್ಲ. ಅದು ಮೈಕಿನದು ಎಂದು ಆಮೇಲೆ ನೆನಪಾಯಿತು. ನೀಲಿಗೂ ಹಾಕಿ ನೋಡಿದಳು. ಹಸಿರಿಗೆ ಹಾಕಿದಾಗ ಡಬ್ಬಿಯಲ್ಲಿ ಟಪ್ ಎಂದು ಜೀವ ಬಂತು. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸೇರಿಸುವ ವೈರನ್ನೂ ಸಿಕ್ಕಿಸಿದಳು. ಆದರೆ ಮೇಜಿನ ಮೇಲೆ ಮಾನಿಟರು, ಪ್ರಿಂಟರು, ಮದುವೆ ಕಾಗದಗಳ ಕಟ್ಟು. ಎರಡನೇ ಡಬ್ಬಿಗೆ ಜಾಗವಿಲ್ಲ. ಸದ್ಯಕ್ಕೆ ಹಿಡಿದುಕೊಳ್ಳಿ ಎಂದು ಅದನ್ನು ಅತ್ತೆಯ ತೊಡೆಯ ಮೇಲಿಟ್ಟು ಹಾಡು ಹಚ್ಚಿದಳು.

ಮೇಜಿನ ಮೇಲಿನ ಡಬ್ಬಿಯಿಂದ ಹೂವಮ್ಮನ ದನಿ ಎದ್ದಿತು.

*ಏನುಣಿಸಿ ಬೆಳೆಸಿದಿರೇ ನಮ್ಮ ಮನೆ ಸೊಸೆಯಾ,*
*ಯಾವ ನೆರಳಲ್ಲಿ ಕೂರಿಸಿದಿರೇ.*

ಪ್ರಶ್ನೆ ಮುಗಿಯಿತು. ಹೂವಮ್ಮನ ತೊಡೆಯ ಮೇಲಿಂದ ಕನ್ನಮ್ಮ ಉತ್ತರ ಕೊಟ್ಟಳು.

*ಹೊಸಕ್ಕಿ ಗಂಜಿಯಾ ಉಣಿಸಿ ಬೆಳೆಸಿದೆವು,*
*ಹಲಸಿನ ನೆರಳಲ್ಲಿ ಕೂರಿಸಿದೆವು.*

ಹೂವಮ್ಮ ಬೆಚ್ಚಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಶಾ ಮೇಜಿನ ಬುಡದಲ್ಲಿ ಕೂತವಳು ಕೂತಲ್ಲೇ ಇದ್ದಳು. ಪ್ರಶ್ನೆ ಅಲ್ಲಿಂದ, ಉತ್ತರ ಇಲ್ಲಿಂದ, ಒಂದೂ ತಪ್ಪದೆ ಬರುತ್ತ ಹೋಯಿತು. ಹಾಡು ಎಲ್ಲಿಯೂ ಕೆಟ್ಟಿರಲಿಲ್ಲ. ಒಬ್ಬಳ ದನಿ ಆ ಕಡೆಯ ಡಬ್ಬಿಯಲ್ಲೂ ಇನ್ನೊಬ್ಬಳದು ಈ ಕಡೆಯದರಲ್ಲೂ ಬರುವ ಹಾಗೆ ಮೇಡಂ ಇಟ್ಟಿದ್ದರು, ಇವರು ಇಷ್ಟು ವರ್ಷ ಒಂದೇ ಕಡೆಯನ್ನು ಕೇಳಿಕೊಂಡು ಕೂತಿದ್ದರು. ಇಲಿ ಕಡಿದದ್ದು ವೈರನ್ನಲ್ಲ, ಕನ್ನಮ್ಮನ ದನಿಯನ್ನು ಎಂದು ಆಶಾಗೆ ಅರ್ಥವಾಗುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ಕೊನೆಯ ಪ್ರಶ್ನೆ ಬಂತು. ಈ ಸೊಲ್ಲು ನಿನಗೆ ಕಲಿಸಿದವರು ಯಾರು ಎಂದು ಕೇಳುವ ಪ್ರಶ್ನೆ. ಅದಕ್ಕೆ ಮಾತ್ರ ಕಟ್ಟಿಟ್ಟ ಉತ್ತರವಿಲ್ಲ. ಹೇಳುವವಳು ತನಗೆ ಕಲಿಸಿದವಳ ಹೆಸರು ಹಾಕಿ ಹಾಡು ಮುಗಿಸಬೇಕು. ಗಂಡಿನ ಕಡೆಯವರು ಹೂವು ವೀಳ್ಯದ ಮೊದಲ ತಟ್ಟೆಯನ್ನು ಆ ಹೆಸರಿನವಳಿಗೇ ಕೊಡಬೇಕು. ಕನ್ನಮ್ಮ ತನ್ನ ಸೋದರತ್ತೆ ಚೌಡಮ್ಮನ ಹೆಸರು ಹೇಳಿದಳು. ಹಾಡು ಮುಗಿದರೂ ಮೈಕು ಮುಗಿದಿರಲಿಲ್ಲ. ಅಲ್ಲಿ ಹೂವಮ್ಮ ಜೋರಾಗಿ ನಗುವುದು ಮೊದಲಿಂದಲೂ ಇತ್ತು, ಯಾಕೆ ಎಂದು ಆಶಾ ಯಾವತ್ತೂ ಕೇಳಿರಲಿಲ್ಲ. ಈಗ ನಗುವಿಗೆ ಮುಂಚೆ ಕನ್ನಮ್ಮನ ಮಾತು ಕೇಳಿತು.

"ಎಳ್ದೆಳ್ದು ಹೇಳಿದೀನಿ ಅಂತ ಬೇಜಾರ್ ಮಾಡ್ಕೋಬೇಡಿ ಮೇಡಂ. ನಮ್ ಆಶಾ ಕಲೀಬೇಕು ಇದನ್ನ. ಎದ್ರಿಗೆ ಕೂರ್ಸಿ ಹೇಳ್ಕೊಟ್ರೆ ನಾಚ್ಕೊಂಡು ಎದ್ದು ಹೋಗ್ತಾಳೆ. ಮಿಷನ್ನಾದ್ರೆ ಒಬ್ಳೇ ಕೂತು ಕೇಳ್ತಾಳೆ."

ಆಶಾ ಅತ್ತೆಯ ಮುಖ ನೋಡಿದಳು. ಹೂವಮ್ಮನಿಗೆ ಎಲ್ಲ ಗೊತ್ತಿತ್ತು, ಪಕ್ಕದಲ್ಲೇ ಕೂತು ನಕ್ಕವಳಲ್ಲವೇ. ಆಶಾ ಕಿವಿಯನ್ನು ಅತ್ತೆಯ ಬಾಯಿಯ ಹತ್ತಿರ ಒಯ್ದಳು. "ಹೇಳ್ಬೇಡ ಅಂದಿದ್ಲು ಕಣೆ," ಎಂದು ಹೂವಮ್ಮ ಪಿಸುಗುಟ್ಟಿದಳು. "ದನಿಯೇ ಬರ್ಲಿಲ್ವಲ್ಲ, ಇನ್ ಹೇಳಿ ಅವ್ಳಿಗ್ಯಾಕೆ ಬೇಜಾರು ಅಂದ್ಲು."

ಆಶಾ ಅತ್ತಳು. ತವರಿನಲ್ಲಿ ತಾಯಿ ಬೇಗ ಹೋದ ಹುಡುಗಿ ಅವಳು. ಹಾಸ್ಟೆಲಿನಲ್ಲಿ ಬೆಳೆದು ಬಂದವಳಿಗೆ ಒಂದು ಸೋಬಾನೆಯೂ ಬಾರದು ಎಂದು ಊರಿನವರು ಆಡಿಕೊಂಡದ್ದುಂಟು. ಅದು ಅವಳಿಗೆ ಮುಳ್ಳಿನ ಹಾಗೆ ಒಳಗೇ ಇತ್ತು. ಪಕ್ಕದ ಮನೆಯ ಮುದುಕಿಯೊಬ್ಬಳು ಅದನ್ನೆಲ್ಲ ನೋಡಿ, ಒಂದು ಮಾತೂ ಆಡದೆ, ತನಗೋಸ್ಕರ ನಿಧಾನ ಹಾಡಿ ಇಟ್ಟು ಹೋಗಿದ್ದಳು. ಹೆತ್ತವಳು ಮಾಡುವ ಕೆಲಸ ಇದಕ್ಕಿಂತ ಹೆಚ್ಚೇನು? ಕೃತಜ್ಞತೆ ಎಂಬ ದೊಡ್ಡ ಮಾತು ಅವಳ ಬಾಯಲ್ಲಿ ಇರಲಿಲ್ಲ. ಕನ್ನಮ್ಮತ್ತೆ, ಕನ್ನಮ್ಮತ್ತೆ ಎಂದಷ್ಟೇ ಅನ್ನುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಮೇಲೆ ಪಕ್ಕದ ಮನೆಗೆ ಹೋಗಿ ಕನ್ನಮ್ಮನ ಗಂಡ ಜಟ್ಟಿಂಗಪ್ಪನನ್ನು ಕರೆತಂದಳು. ಮುದುಕ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಹಾಡು ಮುಗಿಯುವವರೆಗೂ ಎರಡನೇ ಡಬ್ಬಿಯ ಕಡೆಯೇ ನೋಡಿದ. ಹೆಂಡತಿ ಅವತ್ತು ಮನೆಗೆ ಬಂದು, ನನ್ನ ದನಿ ಮಿಷನ್ನಿಗೆ ಹಿಡಿಸಲಿಲ್ಲ ಎಂದು ಹೇಳಿ ಒಲೆ ಹಚ್ಚಿದಳು, ಮತ್ತೆ ಆ ಸುದ್ದಿ ಎತ್ತಲಿಲ್ಲ ಎಂದ. ತಪ್ಪು ತಮ್ಮದು, ಒಂದು ವೈರಿನ ಸೋಮಾರಿತನ ಎಂದು ಆಶಾ ಬಾಯಿ ಬಿಟ್ಟು ಹೇಳಿದಳು. ಜಟ್ಟಿಂಗಪ್ಪ ಎದ್ದು ಬಂದು ಆ ಡಬ್ಬಿಯನ್ನು ಒಂದು ಸಲ ಮುಟ್ಟಿ ನೋಡಿದ.

"ಇರ್ಲಿ ಬಿಡು. ಸಿಕ್ತಲ್ಲ. ನೀನು ಕಲಿ," ಎಂದ.

ಆಶಾ ಕಲಿಯತೊಡಗಿದಳು. ಮೊದಲು ಕನ್ನಮ್ಮನ ದನಿಯ ಜೊತೆಗೆ, ಅವಳ ಬೆನ್ನ ಹಿಂದೆ ನಿಂತ ಹಾಗೆ. ಸ್ವಲ್ಪ ಧೈರ್ಯ ಬಂದ ಮೇಲೆ ಲಿಖಿತಾ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಕನ್ನಮ್ಮನ ಕಡೆಯ ದನಿಯನ್ನು ಸೊನ್ನೆಗೆ ಇಳಿಸಿಕೊಟ್ಟಳು. ಆಗ ಡಬ್ಬಿಯಿಂದ ಅತ್ತೆಯ ಪ್ರಶ್ನೆ ಮಾತ್ರ, ಉತ್ತರ ಕೊಡುವವಳು ಆಶಾ. ಉತ್ತರದ ಸೊಲ್ಲನ್ನು ಹೂವಮ್ಮ ಬಾಯಿಗೆ ತರಲಿಲ್ಲ. ಆದರೆ ಎದುರಿಗೆ ಕೂತು ಆಶಾಳ ಮಂಡಿಯ ಮೇಲೆ ಅಂಗೈಯಿಂದ ತಟ್ಟಿ ತಟ್ಟಿ ಲಯ ಹಿಡಿಸಿದಳು. ತಪ್ಪಿದರೆ ಅದೇ ಅಂಗೈಯಿಂದ ಚೆನ್ನಾಗಿಯೇ ಒಂದು ಕೊಡುತ್ತಿದ್ದಳು. ಆಶಾಳ ದನಿ ಸೊಸೈಟಿಯಲ್ಲಿ ಹಾಲು ಅಳೆಯುವವಳ ದನಿಯೇ, ಅದೇನೂ ಕೋಗಿಲೆಯಾಗಲಿಲ್ಲ. ಆದರೆ ಸೊಲ್ಲು ಬಾಯಿಗೆ ಹತ್ತಿತು. ರಾಜೇಂದ್ರ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದ, ವೂಫರಿನ ಮಾತನ್ನು ಆಮೇಲೆ ಎತ್ತಲಿಲ್ಲ.

ಕಲಿಯುವುದೆಲ್ಲ ಮುಗಿದರೂ ಒಂದು ಉಳಿದಿತ್ತು. ಕೊನೆಯ ಪ್ರಶ್ನೆಗೆ ಯಾರ ಹೆಸರು? ಮಂಡಿ ತಟ್ಟಿ ಕಲಿಸಿದವಳು ಮನೆಯ ಹಿರಿಯಳು, ದನಿ ಕಳೆದುಕೊಂಡವಳು, ಮೂರು ತಾಲ್ಲೂಕಿನ ಮಂದಿ ಹೂವಮ್ಮನ ಹೆಸರೇ ಬರುತ್ತದೆಂದು ಕಾಯುವವರು. ಅತ್ತೆಯ ಹೆಸರು ಬಿಟ್ಟರೆ ತುಂಬಿದ ಚಪ್ಪರದಲ್ಲಿ ಆಕೆಗೆ ಹೇಗನ್ನಿಸೀತು? ಆಶಾ ಬಾಯಿಬಿಟ್ಟು ಕೇಳಲಿಲ್ಲ. ಹೂವಮ್ಮನೂ ಹೇಳಲಿಲ್ಲ.

ಮದುವೆಯ ದಿನ ಚಪ್ಪರ ತುಂಬಿತ್ತು. ಗಂಡಿನ ಊರು ಅರಳಸುರಳಿಯಿಂದ ಎರಡು ಬಸ್ಸು ಜನ. ಹಸೆಯ ಮುಂದೆ ಮದುಮಕ್ಕಳು ಕೂತರು. ಗಂಡಿನ ಅಜ್ಜಿ ಗಂಟಲು ಸರಿ ಮಾಡಿಕೊಂಡು ಸೊಲ್ಲೆತ್ತಿದಳು. ಊರಿನ ಹೆಂಗಸರು ಆಶಾಳ ಹಿಂದೆ ಸಾಲಾಗಿ ನಿಂತರು, ಈಗ ಯಾರ ಬೆನ್ನ ಹಿಂದೆ ತುಟಿ ಅಲ್ಲಾಡಿಸುವುದು ಎಂದು ಅವರಿಗೂ ತಿಳಿಯದು. ಆಶಾಳ ಮೊದಲ ಸೊಲ್ಲು ನಡುಗಿತು. ಎರಡನೆಯದು ನೆಲಕ್ಕೆ ಕಾಲು ಊರಿತು. ಹೊಸಕ್ಕಿಯ ಗಂಜಿ, ಹಲಸಿನ ನೆರಳು, ಒಂದೊಂದಾಗಿ ಕೊಡುತ್ತ ಹೋದಳು. ಲಿಖಿತಾ ತಲೆ ತಗ್ಗಿಸಿಕೊಂಡೇ ಅಳುತ್ತಿದ್ದಳು, ಅದು ಸಂತೋಷದ್ದು ಎಂದು ತಾಯಿಗೆ ಗೊತ್ತಿತ್ತು.

ಕೊನೆಯ ಪ್ರಶ್ನೆ ಬಂತು. ಆಶಾ ಅತ್ತೆಯ ಕಡೆ ತಿರುಗಿದಳು. ಹೂವಮ್ಮ ಕೂತಲ್ಲಿಂದಲೇ ತನ್ನ ಎದೆಯ ಮೇಲೆ ಕೈಯಿಟ್ಟು, ನನ್ನದಲ್ಲ ಎಂಬ ಹಾಗೆ ಆ ಕೈಯನ್ನು ಅಲ್ಲಾಡಿಸಿ, ಹಾಡು ಎಂದು ಗಲ್ಲ ಎತ್ತಿದಳು.

*ಕಲಿಸಿದೋಳು ಕನ್ನಮ್ಮ ನೆರೆಮನೆಯ ತಾಯೀ,*
*ಅವಳ ಹೆಸರ ಹೇಳಿ ಕೊಡತೇನೆ ಹೆಣ್ಣಾ.*

ಕನ್ನಮ್ಮ ಇಲ್ಲ ಎಂದು ಊರಿನವರಿಗೆ ಗೊತ್ತು. ಗಂಡಿನ ಕಡೆಯವರಿಗೆ ಏನು ಗೊತ್ತು? ಅಜ್ಜಿ ಹೂವು ವೀಳ್ಯದ ತಟ್ಟೆ ಹಿಡಿದು ಎದ್ದು, ಕನ್ನಮ್ಮ ಯಾರು, ಎಲ್ಲಿ ಕೂತಿದ್ದಾರೆ ಎಂದು ಹೆಂಗಸರ ಸಾಲಿನಲ್ಲಿ ಹುಡುಕತೊಡಗಿದಳು. ಹೂವಮ್ಮ ಎದ್ದು ಬಂದು ಆ ಅಜ್ಜಿಯ ಮೊಣಕೈ ಹಿಡಿದಳು. ಗಂಡಸರ ಕಡೆ, ಕಂಬದ ಪಕ್ಕದಲ್ಲಿ ಕೂತಿದ್ದ ಜಟ್ಟಿಂಗಪ್ಪನ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದಳು.

ಹೆಂಗಸರಿಗೆ ಸಲ್ಲುವ ತಟ್ಟೆ, ಗಂಡಸಿನ ಮುಂದೆ ಹಿಡಿಯುವುದು ಹೇಗೆ ಎಂದು ಅಜ್ಜಿ ಅನುಮಾನಿಸಿದಳು. ಜಟ್ಟಿಂಗಪ್ಪ ತಲೆಗೆ ಸುತ್ತಿದ್ದ ಟವೆಲು ತೆಗೆದು, ಎದ್ದು ನಿಂತು, ಎರಡೂ ಕೈ ಚಾಚಿದ.

"ಕೊಡಿ ಅಮ್ಮ," ಎಂದ. "ನಿನ್ ದನಿ ಮಿಷನ್ನಿಗೆ ಹಿಡಿಸ್ತು ಅಂತ ಅವ್ಳಿಗೆ ಹೇಳ್ತೀನಿ."

ತಟ್ಟೆಯನ್ನು ಎದೆಗೆ ಒತ್ತಿಕೊಂಡು ಅವನು ಕನ್ನಮ್ಮನ ಪಟವಿದ್ದ ತನ್ನ ಮನೆಯ ಕಡೆ ನಡೆದ. ಇಲ್ಲಿ ಆಶಾ ಮಗಳ ಕೈ ಹಿಡಿದು ಅಳಿಯನ ಕೈಯಲ್ಲಿ ಇಟ್ಟಳು.